ವಿಎಂ ಹಸಿರಾಗಿದೆ, ಕೆಲಸ ಮಾತ್ರ ನಿಂತಿದೆ

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ನಾಡಕಚೇರಿಗೆ ಹೋಗಿ, ಬ್ಯಾಂಕಿನ ಕೌಂಟರ್ ಮುಂದೆ ನಿಲ್ಲಿ. ಒಂದಲ್ಲ ಒಂದು ದಿನ "ಸರ್ವರ್ ಡೌನ್, ಮಧ್ಯಾಹ್ನದ ಮೇಲೆ ಬನ್ನಿ" ಅನ್ನುವ ಮಾತು ಕೇಳಿಯೇ ಕೇಳುತ್ತೀರಿ. ಅದೇ ಹೊತ್ತಿಗೆ ಡೇಟಾ ಸೆಂಟರ್‌ನಲ್ಲಿ ದೊಡ್ಡ ಪರದೆ ನೋಡುತ್ತಾ ಕೂತವರಿಗೆ ಫೋನ್ ಮಾಡಿದರೆ "ಇಲ್ಲ ಸಾರ್, ನಮ್ಮ ಕಡೆ ಎಲ್ಲಾ ಗ್ರೀನ್ ಇದೆ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸರ್ವರ್ ನಿಜಕ್ಕೂ ನಡೆಯುತ್ತಿದೆ. ಅದರ ಮೇಲೆ ಕೂತಿರುವ ಅಪ್ಲಿಕೇಶನ್ ಮಾತ್ರ ಯಾರ ಕೆಲಸವನ್ನೂ ಮಾಡಿಕೊಡುತ್ತಿಲ್ಲ.

ಈ ಸಮಸ್ಯೆ ಹಳೆಯದು. ಆದರೆ ಈಗ ಮತ್ತೆ ತಲೆ ಕೆಡಿಸಿಕೊಳ್ಳಬೇಕಾದ ಸಮಯ ಬಂದಿದೆ. ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರ್ 22ರಂದು ಒಂದೇ ಯಂತ್ರದ ಮೇಲೆ ಹಲವು ವರ್ಚುವಲ್ ಸರ್ವರ್ ನಡೆಸುವ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿಯ ಖರೀದಿ ಮುಗಿಸಿತು. ಮರುತಿಂಗಳೇ ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸ್ ಮಾರಾಟ ನಿಂತಿತು, ಎಲ್ಲಾ ಚಂದಾ ಲೆಕ್ಕಕ್ಕೆ ಬಂತು. 2025ರ ಅಕ್ಟೋಬರ್ 2ಕ್ಕೆ ಅದರ ಮುಖ್ಯ ಉತ್ಪನ್ನ ವಿಸ್ಫಿಯರ್‌ನ 7ನೇ ಆವೃತ್ತಿಯ ಸಾಮಾನ್ಯ ಸಪೋರ್ಟ್ ಕೂಡ ಮುಗಿಯಿತು. ಹಾಗಾಗಿ ಬೆಂಗಳೂರಿನಲ್ಲೂ ಹೊರಗೂ ಎಷ್ಟೋ ಐಟಿ ವಿಭಾಗಗಳು ಇದರಲ್ಲೇ ಇರೋಣವಾ, ನ್ಯೂಟಾನಿಕ್ಸ್‌ಗೆ ಹೋಗೋಣವಾ, ಹೈಪರ್-ವಿ, ಪ್ರಾಕ್ಸ್‌ಮಾಕ್ಸ್ ನೋಡೋಣವಾ ಎಂದು ಲೆಕ್ಕ ಹಾಕುತ್ತಿವೆ. ಲೆಕ್ಕವೆಲ್ಲ ಕೋರ್ ಎಷ್ಟು, ಟೆರಾಬೈಟ್ ಎಷ್ಟು, ರೂಪಾಯಿ ಎಷ್ಟು ಅನ್ನುವುದರ ಮೇಲೇ ನಡೆಯುತ್ತದೆ. ಇಷ್ಟು ವರ್ಷ ಅಪ್ಲಿಕೇಶನ್‌ಗಳು ಬಿದ್ದಾಗ ಎಬ್ಬಿಸುತ್ತಿದ್ದದ್ದು ಯಾವುದು, ಅದು ಹೊಸ ಜಾಗಕ್ಕೆ ನಮ್ಮ ಜೊತೆ ಬರುತ್ತದಾ ಅನ್ನುವ ಪ್ರಶ್ನೆ ಕೇಳುವವರು ಕಡಿಮೆ.

ಮೊದಲು ಬುಡದಿಂದ ನೋಡೋಣ. ಒಂದು ಭೌತಿಕ ಸರ್ವರ್, ಅಂದರೆ ಹೋಸ್ಟ್. ಅದರ ಮೇಲೆ ಹೈಪರ್‌ವೈಸರ್, ಅಂದರೆ ಒಂದು ಸರ್ವರನ್ನು ಹಲವಾಗಿ ಹಂಚುವ ಸಾಫ್ಟ್‌ವೇರ್. ಅದರ ಮೇಲೆ ಇಪ್ಪತ್ತೋ ಐವತ್ತೋ ವರ್ಚುವಲ್ ಮಷೀನ್‌ಗಳು, ಅಂದರೆ ವಿಎಂಗಳು. ಮೊದಲು ಒಂದು ಸರ್ವರ್ ಕೆಟ್ಟರೆ ಒಂದು ಅಪ್ಲಿಕೇಶನ್ ನಿಲ್ಲುತ್ತಿತ್ತು. ಈಗ ಒಂದು ಹೋಸ್ಟ್ ಕೆಟ್ಟರೆ ಐವತ್ತು ವಿಎಂ ಒಟ್ಟಿಗೆ ಬೀಳುತ್ತವೆ. ಈ ಭಯಕ್ಕೆ ಉತ್ತರವಾಗಿ 2006ರಲ್ಲಿ ವಿಎಂವೇರ್ ಎಚ್‌ಎ (ಹೈ ಅವೈಲಬಿಲಿಟಿ) ಬಂತು. ಕ್ಲಸ್ಟರ್‌ನಲ್ಲಿ, ಅಂದರೆ ಒಂದು ಗುಂಪಿನಲ್ಲಿ ಇರುವ ಹೋಸ್ಟ್‌ಗಳು ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್, ಅಂದರೆ ಬದುಕಿದ್ದೇನೆ ಎಂಬ ಸಿಗ್ನಲ್ ಕಳಿಸುತ್ತವೆ. ಒಂದು ಹೋಸ್ಟ್ ಸುಮ್ಮನಾದರೆ ಅದರ ಮೇಲಿದ್ದ ವಿಎಂಗಳು ಬೇರೆ ಹೋಸ್ಟ್ ಮೇಲೆ ಮತ್ತೆ ಬೂಟ್ ಆಗುತ್ತವೆ. ರಾತ್ರಿ ಎರಡು ಗಂಟೆಗೆ ಹೋಸ್ಟ್ ಸತ್ತರೂ ಬೆಳಿಗ್ಗೆ ಬಂದು ನೋಡಿದರೆ ಎಲ್ಲಾ ಎದ್ದು ನಿಂತಿರುತ್ತಿತ್ತು. ಆಪರೇಷನ್ಸ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಹೇಳಬೇಕಿಲ್ಲ.

ಆದರೆ ಎಚ್‌ಎ ನೋಡುವುದು ಹೋಸ್ಟನ್ನು. ವಿಎಂ ಒಳಗೆ ಏನಾಗುತ್ತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಗೊತ್ತಾಗಲಿ ಎಂದೇ ವಿಎಂ ಮಾನಿಟರಿಂಗ್ ಅನ್ನುವ ಇನ್ನೊಂದು ಪದರ ಇದೆ. ಪ್ರತಿ ವಿಎಂ ಒಳಗೂ ವಿಎಂವೇರ್ ಟೂಲ್ಸ್ ಎಂಬ ಸಣ್ಣ ಸಾಫ್ಟ್‌ವೇರ್ ಕೂತಿರುತ್ತದೆ. ಅದು ಹೋಸ್ಟ್‌ಗೆ "ನಾನಿದ್ದೇನೆ" ಎಂದು ಸಿಗ್ನಲ್ ಕಳಿಸುತ್ತಾ ಇರುತ್ತದೆ. ಆ ಸಿಗ್ನಲ್ ನಿಂತು ಒಂದಷ್ಟು ಹೊತ್ತಾದರೆ (ಸೂಕ್ಷ್ಮತೆ ಹೇಗೆ ಇಟ್ಟಿದ್ದೀರಿ ಅನ್ನುವುದರ ಮೇಲೆ 30, 60 ಅಥವಾ 120 ಸೆಕೆಂಡ್) ಎಚ್‌ಎ ಅನುಮಾನ ಪಡುತ್ತದೆ. ಅಷ್ಟಕ್ಕೇ ರೀಸೆಟ್ ಮಾಡುವುದಿಲ್ಲ. ಕಳೆದ 120 ಸೆಕೆಂಡ್‌ನಲ್ಲಿ ಆ ವಿಎಂನ ಡಿಸ್ಕ್, ನೆಟ್‌ವರ್ಕ್ ಏನಾದರೂ ಓಡಾಡಿದೆಯಾ ಎಂದೂ ನೋಡುತ್ತದೆ. ಎರಡೂ ಸ್ತಬ್ಧವಾಗಿದ್ದರೆ ಮಾತ್ರ ರೀಸೆಟ್. ಅದಕ್ಕೂ ಮೊದಲು ವಿಎಂನ ಕನ್ಸೋಲ್ ಪರದೆಯ ಒಂದು ಚಿತ್ರ ತೆಗೆದಿಡುತ್ತದೆ, ಆಮೇಲೆ ಯಾರಾದರೂ ಕಾರಣ ಹುಡುಕಲಿ ಎಂದು. ತುಂಬಾ ಯೋಚನೆ ಮಾಡಿ ಕಟ್ಟಿದ ವ್ಯವಸ್ಥೆ ಇದು. ಆದರೆ ನಾವಾಗಿ ಆನ್ ಮಾಡದೇ ಇದ್ದರೆ ಇದು ಕೆಲಸ ಮಾಡುವುದಿಲ್ಲ. ಎಷ್ಟೋ ಕಡೆ ಎಚ್‌ಎ ಆನ್ ಮಾಡಿದ್ದೇವೆ, ಅಷ್ಟು ಸಾಕು ಅಂದುಕೊಂಡು ಇದನ್ನು ಮುಟ್ಟಿಯೇ ಇರುವುದಿಲ್ಲ.

ಆನ್ ಮಾಡಿದ್ದರೂ ಒಂದು ದೊಡ್ಡ ಕಿಂಡಿ ಉಳಿಯುತ್ತದೆ. ವಿಎಂವೇರ್ ಟೂಲ್ಸ್ ಒಂದು ಪ್ರತ್ಯೇಕ ಸರ್ವಿಸ್. ನಿಮ್ಮ ಡೇಟಾಬೇಸ್ ಬೇರೆ, ಅಪ್ಲಿಕೇಶನ್ ನಡೆಸುವ ಟಾಮ್‌ಕ್ಯಾಟ್ ಬೇರೆ, ಟೂಲ್ಸ್ ಬೇರೆ. ಡೇಟಾಬೇಸ್ ಉಸಿರು ಕಟ್ಟಿಕೊಂಡು ಬಿದ್ದಿದ್ದರೂ ಟೂಲ್ಸ್ ತನ್ನ ಪಾಡಿಗೆ ಸಿಗ್ನಲ್ ಕಳಿಸುತ್ತಲೇ ಇರುತ್ತದೆ. ಅಂಗಡಿಯ ಷಟರ್ ಮೇಲಿದೆ, ಲೈಟ್ ಉರಿಯುತ್ತಿದೆ, ಕೌಂಟರ್‌ನಲ್ಲಿ ಮಾತ್ರ ಯಾರೂ ಇಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ, ಡೇಟಾಬೇಸ್ ನೋಡಿಕೊಳ್ಳುವ ಡಿಬಿಎಗಳಿಗೆ ಇದು ದಿನನಿತ್ಯದ ಪರಿಚಯ. ಒರಾಕಲ್ ಡೇಟಾಬೇಸ್ ಆರ್ಕೈವ್ ಲಾಗ್ ಮೋಡ್‌ನಲ್ಲಿ ಇದೆ ಅಂದುಕೊಳ್ಳಿ. ಪ್ರತಿ ಬದಲಾವಣೆಯೂ ರೀಡೂ ಲಾಗ್‌ಗೆ ಹೋಗುತ್ತದೆ, ತುಂಬಿದ ರೀಡೂ ಲಾಗ್ ಆರ್ಕೈವ್ ಆಗಿ ಒಂದು ಡಿಸ್ಕ್‌ನಲ್ಲಿ ಕೂರುತ್ತದೆ. ಬ್ಯಾಕಪ್ ಆದ ಮೇಲೆ ಹಳೆಯವನ್ನು ಅಳಿಸಬೇಕು. ಎರಡು ರಾತ್ರಿ ಬ್ಯಾಕಪ್ ಫೇಲ್ ಆಯಿತು, ಯಾರೂ ಗಮನಿಸಲಿಲ್ಲ. ಮೂರನೇ ದಿನ ಬೆಳಿಗ್ಗೆ ಆ ಡಿಸ್ಕ್ ತುಂಬಿತು. ಈಗ ಒರಾಕಲ್‌ಗೆ ಹೊಸ ಆರ್ಕೈವ್ ಬರೆಯೋಕೆ ಜಾಗ ಇಲ್ಲ, ಒಆರ್‌ಎ-00257 ಅನ್ನುವ ಎರರ್ ಕೊಟ್ಟು ಎಲ್ಲರನ್ನೂ ಕಾಯಿಸುತ್ತದೆ. ಒಂದೇ ಒಂದು ಕಮಿಟ್, ಅಂದರೆ ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ, ಮುಂದಕ್ಕೆ ಹೋಗುವುದಿಲ್ಲ.

ಈ ಹೊತ್ತಿನಲ್ಲಿ ಪರದೆ ನೋಡಿ. ಹೋಸ್ಟ್ ಹಸಿರು. ವಿಎಂ ಪವರ್ಡ್ ಆನ್, ಹಸಿರು. ಟೂಲ್ಸ್ ಸಿಗ್ನಲ್ ಬರುತ್ತಿದೆ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಒರಾಕಲ್ ಸಂಪರ್ಕದ 1521ನೇ ಪೋರ್ಟ್ ತೆರೆದಿದೆ, ಒರಾಕಲ್ ಪ್ರೊಸೆಸ್‌ಗಳೆಲ್ಲ ಪಟ್ಟಿಯಲ್ಲಿವೆ. ಸಿಪಿಯು ಅಂತೂ ಎಂದಿಗಿಂತ ಕಡಿಮೆ, ಯಾಕಂದ್ರೆ ಎಲ್ಲರೂ ಕಾಯುತ್ತಾ ಕೂತಿದ್ದಾರೆ, ಕೆಲಸ ಮಾಡುವವರು ಯಾರೂ ಇಲ್ಲ. ಇನ್‌ಫ್ರಾ ತಂಡದ ಗ್ರಾಫ್ ನೋಡಿದರೆ ಇವತ್ತು ಸಿಸ್ಟಮ್ ತುಂಬಾ ಆರಾಮಾಗಿದೆ ಅನ್ನಿಸುತ್ತದೆ. ಕೌಂಟರ್ ಮುಂದೆ ಮಾತ್ರ ಜನ ಕ್ಯೂನಲ್ಲಿ ನಿಂತಿದ್ದಾರೆ. ಯಾರೋ ಗಾಬರಿಯಿಂದ ವಿಎಂ ರೀಸ್ಟಾರ್ಟ್ ಮಾಡಿದರೂ ಪ್ರಯೋಜನ ಇಲ್ಲ, ಆ ಡಿಸ್ಕ್ ಆಗಲೂ ತುಂಬಿಯೇ ಇರುತ್ತದೆ. ಬೇಕಾಗಿದ್ದದ್ದು ಸ್ವಲ್ಪ ಜಾಗ, ಮತ್ತು ಜಾಗ ಬೇಕು ಎಂದು ಸರಿಯಾದ ವ್ಯಕ್ತಿಗೆ ಹೇಳುವ ಒಂದು ಪರದೆ.

ಅಪ್ಲಿಕೇಶನ್ ಲಭ್ಯತೆಗೆ ಬೇರೆಯೇ ಡ್ಯಾಶ್‌ಬೋರ್ಡ್ ಬೇಕು ಅನ್ನುವ ಯೋಚನೆ ಹುಟ್ಟಿದ್ದು ಈ ಕಿಂಡಿಯಿಂದಲೇ. 2010ರ ಸುಮಾರಿಗೆ ವಿಎಂವೇರ್ ಒಂದು ದಾರಿ ತೆರೆಯಿತು. ವಿಎಂ ಒಳಗಿನ ಅಪ್ಲಿಕೇಶನ್ ಕೂಡ ತಾನೇ ಹಾರ್ಟ್‌ಬೀಟ್ ಕಳಿಸಬಹುದು, ಕನಿಷ್ಠ 30 ಸೆಕೆಂಡಿಗೊಮ್ಮೆ "ನಾನು ಚೆನ್ನಾಗಿದ್ದೇನೆ" ಎಂದು ಹೇಳಬೇಕು. ಹೇಳುತ್ತಿದ್ದರೆ ಸ್ಥಿತಿ ಹಸಿರು, ನಿಂತರೆ ಕೆಂಪು, ಹೇಳುವ ಏರ್ಪಾಟನ್ನೇ ಶುರು ಮಾಡಿಲ್ಲ ಅಂದರೆ ಬೂದು. ಕೆಂಪಾದರೆ ಎಚ್‌ಎ ಆ ವಿಎಂ ಅನ್ನು ರೀಸೆಟ್ ಮಾಡಬಹುದು. ಇದೇ ದಾರಿ ಹಿಡಿದು ಸಿಮ್ಯಾಂಟೆಕ್ ಕಂಪನಿ ಅದೇ ವರ್ಷ ಅಪ್ಲಿಕೇಶನ್‌ಎಚ್‌ಎ ಅನ್ನುವ ಉತ್ಪನ್ನ ತಂದಿತು. ವೆರಿಟಾಸ್ ಕ್ಲಸ್ಟರ್ ಎಂಬ ಉತ್ಪನ್ನದಲ್ಲಿ ಅವರಿಗಿದ್ದ ಹಳೆಯ ಅನುಭವವನ್ನು, ವಿಎಂವೇರ್ ಹೋಸ್ಟ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ವಿಸೆಂಟರ್ ಒಳಗಿನ ಒಂದು ಟ್ಯಾಬ್‌ಗೆ ತಂದು ಕೂರಿಸಿದರು. 2013ರಲ್ಲಿ ವಿಎಂವೇರ್ ಕೂಡ ವಿಸ್ಫಿಯರ್ 5.5ರ ಜೊತೆ ಆ್ಯಪ್ ಎಚ್‌ಎ ತಂದಿತು, ವಿಸ್ಫಿಯರ್ 6.0 ಬರುವ ಹೊತ್ತಿಗೆ ಕೈಬಿಟ್ಟಿತು.

ಉತ್ಪನ್ನಗಳು ಬಂದವು, ಹೋದವು, ಹೆಸರು ಬದಲಾದವು. ಅವು ತೋರಿಸಿದ ದಾರಿ ಮಾತ್ರ ಇಂದಿಗೂ ಸರಿ ಎಂದು ನನಗನ್ನಿಸುತ್ತದೆ. ಪ್ರತಿ ಅಪ್ಲಿಕೇಶನ್ನೂ ಒಂದು ಗುಂಪು ಎಂದು ಅವು ನೋಡಿದವು. ಮೌಂಟ್ ಪಾಯಿಂಟ್ (ಡಿಸ್ಕ್ ಜೋಡಿಸುವ ಜಾಗ), ಐಪಿ ವಿಳಾಸ, ಡೇಟಾಬೇಸ್, ಅದರ ಲಿಸನರ್ (ಸಂಪರ್ಕ ಸ್ವೀಕರಿಸುವ ಭಾಗ) ಎಲ್ಲಾ ಒಂದು ಕಟ್ಟು, ಒಂದರ ಮೇಲೆ ಇನ್ನೊಂದು ನಿಂತಿದೆ. ಮೊದಲು ಡಿಸ್ಕ್ ಬರಬೇಕು, ಆಮೇಲೆ ಡೇಟಾಬೇಸ್, ಆಮೇಲೆ ಲಿಸನರ್. ನಿಲ್ಲಿಸುವಾಗ ತಿರುಗುಮುರುಗು. ಪ್ರೊಸೆಸ್ ಬಿದ್ದರೆ ಮೊದಲು ಅದನ್ನಷ್ಟೇ ಎಬ್ಬಿಸುವ ಪ್ರಯತ್ನ. ಅದು ಆಗದಿದ್ದರೆ ಮಾತ್ರ ವಿಎಂ ರೀಸ್ಟಾರ್ಟ್. ಹತ್ತು ಸೆಕೆಂಡ್‌ನಲ್ಲಿ ಮುಗಿಯುವ ಸರ್ವಿಸ್ ರೀಸ್ಟಾರ್ಟ್‌ಗೆ ಇಡೀ ವಿಎಂ ಬೂಟ್ ಮಾಡಿಸುವುದರಲ್ಲಿ ಅರ್ಥ ಇಲ್ಲ ಅಲ್ವಾ?

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಸ್ಥಿತಿಗಳ ಬಗ್ಗೆ. ಆನ್‌ಲೈನ್, ಆಫ್‌ಲೈನ್, ಫಾಲ್ಟೆಡ್ ಮೂರರ ಜೊತೆ "ಪಾರ್ಷಿಯಲ್" ಅಂತ ನಾಲ್ಕನೆಯದು ಇತ್ತು. ಭಾಗಶಃ ನಡೆಯುತ್ತಿದೆ ಎಂದು ಅರ್ಥ. ನಿಜ ಜೀವನದ ತೊಂದರೆಗಳಲ್ಲಿ ಜಾಸ್ತಿ ಪಾಲು ಈ ಸ್ಥಿತಿಯಲ್ಲೇ ಇರುತ್ತದೆ. ಲಾಗಿನ್ ಆಗುತ್ತದೆ, ಹುಡುಕಿದರೆ ಸಿಗುತ್ತದೆ, ದುಡ್ಡು ಕಟ್ಟುವ ಪುಟ ಮಾತ್ರ ತೆರೆಯುವುದಿಲ್ಲ. ಹಸಿರು-ಕೆಂಪು ಎರಡೇ ಇರುವ ಡ್ಯಾಶ್‌ಬೋರ್ಡ್‌ನಲ್ಲಿ ಇದು ಸಲೀಸಾಗಿ ಹಸಿರಿನ ಕೆಳಗೆ ಅಡಗಿಕೊಳ್ಳುತ್ತದೆ. ಹಾಗಾಗಿ ನೀವು ಯಾವ ಟೂಲ್ ಹಾಕಿದರೂ, ಗ್ರಫಾನಾ ಎಂಬ ಡ್ಯಾಶ್‌ಬೋರ್ಡ್ ಟೂಲ್‌ನಲ್ಲಿ ನೀವೇ ಕೂತು ಕಟ್ಟಿದರೂ, ಮಧ್ಯದ ಈ ಸ್ಥಿತಿಗೆ ಒಂದು ಬಣ್ಣ ಕೊಡಿ. ಆ ಬಣ್ಣ ಬಂದಾಗ ಯಾವ ಭಾಗ ನಿಂತಿದೆ ಎಂದು ಒಂದೇ ಕ್ಲಿಕ್‌ನಲ್ಲಿ ಕಾಣಬೇಕು.

ಡ್ಯಾಶ್‌ಬೋರ್ಡ್ ಸುಮ್ನೆ ನೋಡುವ ಪರದೆಯಾಗಿದ್ದರೆ ಕಥೆ ಬೇರೆ. ಅದರಿಂದ ನಿರ್ವಹಣೆಯೂ ಆಗಬೇಕು ಅಂದಾಗ ಜವಾಬ್ದಾರಿ ಜಾಸ್ತಿ. ಡಿಬಿಎ ಒಬ್ಬರು ರಾತ್ರಿ ಹನ್ನೊಂದಕ್ಕೆ ಪ್ಯಾಚ್ ಹಾಕೋಕೆ ಡೇಟಾಬೇಸ್ ನಿಲ್ಲಿಸುತ್ತಾರೆ. ಮಾನಿಟರಿಂಗ್‌ಗೆ ಇದು ಬೇಕೆಂದೇ ನಿಲ್ಲಿಸಿದ್ದು ಎಂದು ಗೊತ್ತಿಲ್ಲ. ಅದು ಡೇಟಾಬೇಸ್ ಎಬ್ಬಿಸೋಕೆ ನೋಡುತ್ತದೆ, ಆಗದಿದ್ದರೆ ವಿಎಂ ರೀಸೆಟ್ ಮಾಡುತ್ತದೆ. ಪ್ಯಾಚ್ ಅರ್ಧದಲ್ಲಿರುವಾಗ ವಿಎಂ ಬೂಟ್ ಆದರೆ ಏನಾಗುತ್ತದೆ ಎಂದು ಯೋಚಿಸಿ. ಅದಕ್ಕೇ ಮೇಂಟೆನೆನ್ಸ್ ಮೋಡ್ ಅನ್ನುವ ಬಟನ್ ಇರುವುದು. ಅದನ್ನು ಒತ್ತಿದಾಗ ಕಣ್ಣು ತೆರೆದೇ ಇರುತ್ತದೆ, ಕೈ ಮಾತ್ರ ಕಟ್ಟಿರುತ್ತದೆ. ಕೆಲಸ ಮುಗಿದ ಮೇಲೆ ಅದರಿಂದ ಹೊರಬರುವುದನ್ನು ಮರೆಯುವುದೂ ಅಷ್ಟೇ ಅಪಾಯ. ತಿಂಗಳುಗಟ್ಟಲೆ ಮೇಂಟೆನೆನ್ಸ್ ಮೋಡ್‌ನಲ್ಲೇ ಉಳಿದ ಅಪ್ಲಿಕೇಶನ್‌ಗೆ ರಕ್ಷಣೆಯೇ ಇಲ್ಲ. ಪರದೆಯ ಮೇಲೆ "ಎಷ್ಟು ಹೊತ್ತಿನಿಂದ" ಎಂದು ಕಾಣಬೇಕು, ಅವಧಿ ಮುಗಿದರೆ ತಾನಾಗಿ ಎಚ್ಚರಿಸಬೇಕು.

ವರ್ಚುವಲ್ ಪರಿಸರಕ್ಕೆ ಮಾತ್ರ ಸೇರಿದ ಕೆಲವು ಸಂಗತಿಗಳೂ ಈ ಪರದೆಯಲ್ಲಿ ಇರಲೇಬೇಕು. ಒಂದು ಅಪ್ಲಿಕೇಶನ್‌ಗೆ ಎರಡು ನೋಡ್ ಇಟ್ಟಿದ್ದೀರಿ, ಒಂದು ಬಿದ್ದರೆ ಇನ್ನೊಂದು ಇರಲಿ ಎಂದು. ಹೋಸ್ಟ್‌ಗಳ ಭಾರ ಸರಿದೂಗಿಸುವ ಡಿಆರ್‌ಎಸ್ ತನ್ನ ಲೆಕ್ಕದಲ್ಲಿ ಎರಡೂ ವಿಎಂಗಳನ್ನು ಒಂದೇ ಹೋಸ್ಟ್ ಮೇಲೆ ತಂದಿಟ್ಟರೆ? ಬೇರೆ ಬೇರೆ ಇಡು ಎಂದು ನಿಯಮ ಬರೆದಿರಬೇಕು, ಬರೆದಿದ್ದು ಪಾಲನೆಯಾಗುತ್ತಿದೆಯೇ ಎಂದು ಕಾಣಬೇಕು. ಬೇರೆ ಹೋಸ್ಟ್‌ನಲ್ಲಿದ್ದರೂ ಎರಡರ ಡಿಸ್ಕ್ ಒಂದೇ ಡೇಟಾಸ್ಟೋರ್‌ನಲ್ಲಿ (ವಿಎಂ ಡಿಸ್ಕ್‌ಗಳನ್ನು ಇಡುವ ಸ್ಟೋರೇಜ್) ಇದ್ದರೆ ಅದೂ ಅಪಾಯ. ಇರುವ ಜಾಗಕ್ಕಿಂತ ಜಾಸ್ತಿ ಹಂಚಿಕೊಟ್ಟ ಡೇಟಾಸ್ಟೋರ್ ಒಂದು ದಿನ ತುಂಬಿದರೆ, ಅದರ ಮೇಲೆ ಬರೆಯಲು ಹೋದ ವಿಎಂಗಳು ಒಂದಾದ ಮೇಲೊಂದು ಅಲ್ಲಲ್ಲೇ ನಿಂತುಬಿಡುತ್ತವೆ. ಆಗ ನೂರಾರು ಅಲರ್ಟ್ ಒಟ್ಟಿಗೆ ಬರುತ್ತವೆ. ಡೇಟಾಬೇಸ್ ತಂಡ ಡೇಟಾಬೇಸ್ ನೋಡುತ್ತದೆ, ವೆಬ್ ತಂಡ ವೆಬ್ ನೋಡುತ್ತದೆ, ಎಲ್ಲರೂ ತಮ್ಮ ತಮ್ಮ ಕೆಂಪಿನ ಹಿಂದೆ ಓಡುತ್ತಾರೆ. ಈ ಎಲ್ಲಾ ಕೆಂಪಿನ ಕೆಳಗೆ ಒಂದೇ ಡೇಟಾಸ್ಟೋರ್ ಇದೆ ಎಂದು ತೋರಿಸುವ ಡ್ಯಾಶ್‌ಬೋರ್ಡ್ ಆ ಮೊದಲ ಅರ್ಧ ಗಂಟೆಯನ್ನು ಉಳಿಸುತ್ತದೆ. ನನ್ನ ಮಟ್ಟಿಗೆ ಇಂಥ ಪರದೆಯ ನಿಜವಾದ ಬೆಲೆ ಇರುವುದೇ ಇಲ್ಲಿ.

ಇನ್ನು ರೀಸ್ಟಾರ್ಟ್ ಎಂಬ ಮದ್ದಿನ ಮಿತಿಯನ್ನು ಇಡೀ ಜಗತ್ತಿಗೆ ಒಮ್ಮೆಲೇ ತೋರಿಸಿದ ದಿನ 2024ರ ಜುಲೈ 19. ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರ್ಣ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊತ್ತು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಸಿಬ್ಬಂದಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಆ ಯಂತ್ರಗಳಲ್ಲಿ ವರ್ಚುವಲ್ ಮಷೀನ್‌ಗಳೂ ಇದ್ದವು. ಅವುಗಳ ಕೆಳಗಿದ್ದ ಹೋಸ್ಟ್‌ಗೆ, ಹೈಪರ್‌ವೈಸರ್‌ಗೆ, ಸ್ಟೋರೇಜ್‌ಗೆ ಏನೂ ಆಗಿರಲಿಲ್ಲ. ವಿಎಂ ಮಾನಿಟರಿಂಗ್ ಇದ್ದ ಕಡೆ ಅದು ರೀಸೆಟ್ ಮಾಡಿದರೂ ವಿಎಂ ಮತ್ತೆ ಅದೇ ನೀಲಿ ಪರದೆಗೇ ಬರುತ್ತದೆ. ಒಂದು ಅವಧಿಯಲ್ಲಿ ಮೂರು ರೀಸೆಟ್ ಎಂಬ ಮಿತಿ ಇರುವುದು ಇಂಥ ಸುತ್ತಿನಲ್ಲಿ ಸಿಕ್ಕಿಕೊಳ್ಳಬಾರದು ಎಂದೇ. ಪರಿಹಾರ ಇದ್ದದ್ದು ಒಂದು ಫೈಲ್ ಅಳಿಸುವುದರಲ್ಲಿ, ಅದನ್ನು ಸೇಫ್ ಮೋಡ್‌ನಲ್ಲಿ ಬೂಟ್ ಮಾಡಿ ಯಂತ್ರದಿಂದ ಯಂತ್ರಕ್ಕೆ ಜನ ಕೈಯಾರೆ ಮಾಡಬೇಕಾಯಿತು. ಅಂಥ ದಿನ ಡ್ಯಾಶ್‌ಬೋರ್ಡ್ ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಯಾವ ಅಪ್ಲಿಕೇಶನ್ ಮೊದಲು ಏಳಬೇಕು, ಅದಕ್ಕೆ ಯಾವ ಯಾವ ವಿಎಂ ಬೇಕು ಎಂದು ತೋರಿಸುವುದು. ಎರಡು ಸಾವಿರ ವಿಎಂ ಬಿದ್ದಿರುವಾಗ ಅಕ್ಷರಮಾಲೆಯ ಕ್ರಮದಲ್ಲಿ ಎಬ್ಬಿಸುತ್ತಾ ಹೋಗುವುದಕ್ಕೂ, ಮೊದಲು ಲಾಗಿನ್ ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್, ಆಮೇಲೆ ಡೇಟಾಬೇಸ್, ಆಮೇಲೆ ಆಸ್ಪತ್ರೆಯ ರೋಗಿಗಳ ದಾಖಲೆ ವ್ಯವಸ್ಥೆ ಎಂದು ಹೋಗುವುದಕ್ಕೂ ಗಂಟೆಗಳ ವ್ಯತ್ಯಾಸ ಇದೆ.

ಒಳಗಿನಿಂದ ನೋಡುವುದು ಒಂದು ಭಾಗ. ಹೊರಗಿನಿಂದ, ಬಳಸುವವರ ಜಾಗದಲ್ಲಿ ನಿಂತು ನೋಡದಿದ್ದರೆ ಇನ್ನೊಂದು ಬಗೆಯ ತೊಂದರೆ ತಪ್ಪಿಹೋಗುತ್ತದೆ. ಯುಪಿಐ ತೆಗೆದುಕೊಳ್ಳಿ. 2025ರ ಏಪ್ರಿಲ್ 12ರಂದು, ಒಂದು ಶನಿವಾರ, ದೇಶದ ತುಂಬಾ ಪಾವತಿಗಳು ಗಂಟೆಗಟ್ಟಲೆ ಕುಂಟಿದವು. ಆಮೇಲೆ ಯುಪಿಐ ನಡೆಸುವ ಎನ್‌ಪಿಸಿಐ ಕಂಡುಕೊಂಡ ಕಾರಣ ಏನು ಗೊತ್ತಾ? ಕೆಲವು ಬ್ಯಾಂಕ್‌ಗಳ ಕಡೆಯಿಂದ "ಆ ವ್ಯವಹಾರ ಏನಾಯಿತು" ಎಂದು ವಿಚಾರಿಸುವ ಕೋರಿಕೆಗಳು ಪ್ರವಾಹದಂತೆ ಬಂದಿದ್ದವು. ಇಲ್ಲಿ ಒಂದೇ ಒಂದು ಯಂತ್ರ ಸಾಯದೇ ಇದ್ದರೂ ಸೇವೆ ನಿಲ್ಲಬಹುದು. ಪಾವತಿ ನಿಧಾನವಾಯಿತು ಎಂದು ವಿಚಾರಣೆ ಜಾಸ್ತಿಯಾಗುತ್ತದೆ, ವಿಚಾರಣೆ ಜಾಸ್ತಿಯಾಯಿತು ಎಂದು ಪಾವತಿ ಇನ್ನೂ ನಿಧಾನವಾಗುತ್ತದೆ. ಆಮೇಲೆ ಆಗಸ್ಟ್ 1ರಿಂದ ಎನ್‌ಪಿಸಿಐ ಮಿತಿಗಳನ್ನು ಹಾಕಿತು, ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿ ಮಾತ್ರ ಬ್ಯಾಲೆನ್ಸ್ ನೋಡಬಹುದು ಅನ್ನುವುದೂ ಅದರಲ್ಲಿ ಒಂದು.

ನಮ್ಮ ರಾಜ್ಯದ ಆಸ್ತಿ ನೋಂದಣಿ ತಂತ್ರಾಂಶ ಕಾವೇರಿ 2.0 ಕೂಡ ಹಾಗೇ. 2025ರ ಜನವರಿ ಕೊನೆ, ಫೆಬ್ರವರಿ ಮೊದಲ ವಾರದಲ್ಲಿ ಆಸ್ತಿ ನೋಂದಣಿ ರಾಜ್ಯದ ತುಂಬಾ ಅಸ್ತವ್ಯಸ್ತವಾಯಿತು. ನಕಲಿ ಖಾತೆಗಳನ್ನು ಮಾಡಿಕೊಂಡು ಇ.ಸಿ. (ಋಣಭಾರ ಪ್ರಮಾಣಪತ್ರ) ಹುಡುಕಾಟದ ಕೋರಿಕೆಗಳನ್ನು ಸುರಿದ ಡಿಡಾಸ್ ದಾಳಿ ಇದು ಎಂದು ಇಲಾಖೆ ಹೇಳಿತು, ಸೈಬರ್ ಪೊಲೀಸರಿಗೆ ದೂರೂ ಹೋಯಿತು. ಊರಿಂದ ಬಸ್ ಹತ್ತಿ ಬಂದು, ಸಾಕ್ಷಿಗಳನ್ನು ಕರೆದುಕೊಂಡು, ಮುಹೂರ್ತ ನೋಡಿ ನೋಂದಣಿಗೆ ಬಂದವರು ಸಂಜೆವರೆಗೆ ಕಾದು ವಾಪಸ್ ಹೋಗುವುದು ಅಂದರೆ ಏನು ಎಂದು ನಮಗೆಲ್ಲ ಗೊತ್ತು. ಇಂಥ ಸೇವೆಯ ಡ್ಯಾಶ್‌ಬೋರ್ಡ್‌ನಲ್ಲಿ ಮೊದಲ ಸಾಲಿನಲ್ಲಿ ಇರಬೇಕಾದ ಅಂಕಿ ಸಿಪಿಯು ಅಲ್ಲ. ಕಳೆದ ಹದಿನೈದು ನಿಮಿಷದಲ್ಲಿ ಎಷ್ಟು ನೋಂದಣಿ ಪೂರ್ತಿಯಾಯಿತು, ಕಳೆದ ವಾರ ಇದೇ ದಿನ ಇದೇ ಹೊತ್ತಿಗೆ ಎಷ್ಟಾಗಿತ್ತು ಅನ್ನುವುದು. ಈ ಒಂದು ಹೋಲಿಕೆ ಸಾಕು, ಏನೋ ಸರಿಯಿಲ್ಲ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಇದರ ಜೊತೆಗೆ ಒಂದು ಪರೀಕ್ಷಾ ಖಾತೆಯಿಂದ ನಿಮಿಷಕ್ಕೊಮ್ಮೆ ಲಾಗಿನ್ ಆಗಿ, ಗೊತ್ತಿರುವ ಒಂದು ಸರ್ವೆ ನಂಬರ್ ಹುಡುಕಿ, ಸರಿಯಾದ ಉತ್ತರ ಬಂತಾ, ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡುವ ಪುಟ್ಟ ಸ್ಕ್ರಿಪ್ಟ್ ಇಡಿ. ಅದನ್ನು ಡೇಟಾ ಸೆಂಟರ್ ಒಳಗಿನಿಂದಲೇ ಓಡಿಸಬೇಡಿ, ಕಲಬುರಗಿಯಲ್ಲೋ ಪುತ್ತೂರಿನಲ್ಲೋ ಇರುವ ಒಂದು ಕಚೇರಿಯ ಲೈನ್‌ನಿಂದ ಓಡಿಸಿ. ಜನ ನಿಂತಿರುವುದು ಅಲ್ಲಿ.

ಲೆಕ್ಕದ ಕಡೆಗೂ ಒಂದು ಸಲ ನೋಡಬೇಕು. ಗುತ್ತಿಗೆಯಲ್ಲಿ 99.9% ಲಭ್ಯತೆ ಎಂದು ಬರೆದಿರುತ್ತದೆ. ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲ್ಲಬಹುದು ಎಂದು ಅದರ ಅರ್ಥ. ಆದರೆ ಒಂದು ಸೇವೆ ನಡೆಯೋಕೆ ಲೋಡ್ ಬ್ಯಾಲೆನ್ಸರ್, ವೆಬ್, ಅಪ್ಲಿಕೇಶನ್ ಸರ್ವರ್, ಡೇಟಾಬೇಸ್, ಸ್ಟೋರೇಜ್ ಐದೂ ಬೇಕು. ಪ್ರತಿಯೊಂದೂ 99.9% ಇದ್ದು, ಒಂದರ ತೊಂದರೆಗೂ ಇನ್ನೊಂದರದ್ದಕ್ಕೂ ಸಂಬಂಧ ಇಲ್ಲ ಅಂದುಕೊಂಡರೂ, ಒಟ್ಟು ಸೇವೆಗೆ ಸಿಗುವುದು 99.5%. ವರ್ಷಕ್ಕೆ ಸುಮಾರು 44 ಗಂಟೆ. ಐದೂ ತಂಡಗಳು ತಿಂಗಳ ಕೊನೆಗೆ "ನಾವು ಗುರಿ ಮುಟ್ಟಿದ್ದೇವೆ" ಎಂದು ವರದಿ ಕೊಡುತ್ತವೆ, ಐದೂ ನಿಜವೇ ಆಗಿರುತ್ತದೆ, ಬಳಸುವವರಿಗೆ ಮಾತ್ರ ವರ್ಷದಲ್ಲಿ ಐದಾರು ಕೆಲಸದ ದಿನ ಹೋಗಿರುತ್ತದೆ. ಹಾಗಾಗಿ ಲಭ್ಯತೆಯ ಶೇಕಡಾ ಲೆಕ್ಕವನ್ನು ವಿಎಂ ಮಟ್ಟದಲ್ಲಿ ಹಾಕಬೇಡಿ. ಸೇವೆಯ ಮಟ್ಟದಲ್ಲಿ ಒಂದೇ ಒಂದು ಅಂಕಿ ಇರಲಿ, ಅದಕ್ಕೆ ಒಬ್ಬರು ಹೊಣೆ ಇರಲಿ.

ತೊಂದರೆ ಕಂಡ ಮೇಲೆ ತೀರ್ಮಾನ ಯಾರದು? ಇಲ್ಲಿ ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇ ಪ್ರಕರಣ ಕಲಿಸುವುದು ಬಹಳ ಇದೆ. 2021ರ ಫೆಬ್ರವರಿ 24ರಂದು ಟೆಲಿಕಾಂ ಲಿಂಕ್‌ಗಳ ಅಸ್ಥಿರತೆಯಿಂದ ಸ್ಟೋರೇಜ್ ವ್ಯವಸ್ಥೆಗೆ ಪೆಟ್ಟು ಬಿತ್ತು, ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಕೈಗೆ ಸಿಗದಂತಾಯಿತು. ಬೆಳಿಗ್ಗೆ 11:40ಕ್ಕೆ ವಹಿವಾಟು ನಿಂತಿತು. ಮತ್ತೆ ಶುರುವಾಗಿದ್ದು ಮಧ್ಯಾಹ್ನ 3:45ಕ್ಕೆ. ಡಿಆರ್ ಸೈಟ್‌ಗೆ, ಅಂದರೆ ಅನಾಹುತದ ದಿನಕ್ಕೆಂದು ಇಟ್ಟ ಬದಲಿ ಡೇಟಾ ಸೆಂಟರ್‌ಗೆ, ಹೋಗಲಿಲ್ಲ. ಮರುತಿಂಗಳು ಷೇರುಪೇಟೆ ನಿಯಂತ್ರಕ ಸೆಬಿ ನಿಯಮ ಬಿಗಿ ಮಾಡಿತು. ಮುಖ್ಯ ವ್ಯವಸ್ಥೆಯೊಂದು ನಿಂತರೆ 30 ನಿಮಿಷದೊಳಗೆ ಅದನ್ನು ಡಿಸಾಸ್ಟರ್ ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಡಿಆರ್ ಸೈಟ್‌ನಿಂದಲಾದರೂ ಕೆಲಸ ಶುರುವಾಗಬೇಕು. ಮೂವತ್ತು ನಿಮಿಷ ಅಂದರೆ ಎಷ್ಟು ಕಡಿಮೆ ಎಂದು ಒಂದು ಇನ್ಸಿಡೆಂಟ್ ಕಾಲ್‌ನಲ್ಲಿ ಕೂತವರಿಗೆ ಗೊತ್ತು. ಯಾರ್ಯಾರು ಕಾಲ್‌ಗೆ ಬಂದರು ಎಂದು ನೋಡುವಷ್ಟರಲ್ಲೇ ಹತ್ತು ನಿಮಿಷ ಹೋಗಿರುತ್ತದೆ. ಆದ್ದರಿಂದ ಪರದೆಯ ಮೇಲೆ ಒಂದು ಗಡಿಯಾರ ಬೇಕು. ಸೇವೆ ನಿಂತು ಎಷ್ಟು ನಿಮಿಷವಾಯಿತು, ತೀರ್ಮಾನಕ್ಕೆ ಇನ್ನೆಷ್ಟು ಉಳಿದಿದೆ, ಡಿಆರ್ ಕಡೆಯ ಡೇಟಾ ಈಗ ಎಷ್ಟು ಹಿಂದಿದೆ. ಈ ಮೂರನೆಯದು ಗೊತ್ತಿಲ್ಲದೆ ಯಾವ ಮ್ಯಾನೇಜರೂ ಧೈರ್ಯವಾಗಿ "ಹೋಗೋಣ" ಅನ್ನುವುದಿಲ್ಲ, "ಇನ್ನೊಂದು ಹತ್ತು ನಿಮಿಷ ನೋಡೋಣ" ಎಂದೇ ಹೇಳುತ್ತಾರೆ.

ಡ್ಯಾಶ್‌ಬೋರ್ಡ್ ನಿಂತಿರುವ ನೆಲವೂ ಮುಖ್ಯ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಎಂಬ ಕ್ಲೌಡ್ ಸ್ಟೋರೇಜ್ ಸೇವೆ ಅಮೆರಿಕದ ಪೂರ್ವ ವಲಯದಲ್ಲಿ ನಿಂತಿತು, ಒಂದು ಆದೇಶ ತಪ್ಪಾಗಿ ಟೈಪ್ ಆಗಿದ್ದು ಕಾರಣ. ಆಗ ಅವರ ಸ್ಥಿತಿ ತೋರಿಸುವ ಪುಟವನ್ನು ಸುಮಾರು ಎರಡು ಗಂಟೆ ಬದಲಿಸಲು ಆಗಲಿಲ್ಲ, ಯಾಕಂದ್ರೆ ಅದನ್ನು ಬದಲಿಸುವ ವ್ಯವಸ್ಥೆ ಎಸ್3 ಮೇಲೇ ನಿಂತಿತ್ತು. ಇದೇ ರಚನೆ ನಮ್ಮ ಡೇಟಾ ಸೆಂಟರ್‌ಗಳಲ್ಲಿ ತುಂಬಾ ಸಾಮಾನ್ಯ. ವಿಸೆಂಟರ್ ಒಂದು ವಿಎಂ, ಅದು ತಾನು ನೋಡಿಕೊಳ್ಳುವ ಕ್ಲಸ್ಟರ್ ಮೇಲೇ ಇರುತ್ತದೆ. ಗ್ರಫಾನಾ, ಅಂಕಿಗಳನ್ನು ಕೂಡಿಹಾಕುವ ಪ್ರಾಮಿಥಿಯಸ್ ಕೂಡ ಅಲ್ಲೇ, ಲಾಗಿನ್‌ಗೆ ಬೇಕಾದ ಆ್ಯಕ್ಟಿವ್ ಡೈರೆಕ್ಟರಿಯೂ ಅಲ್ಲೇ. ಸ್ಟೋರೇಜ್ ಬಿದ್ದ ದಿನ ಎಲ್ಲಾ ಒಟ್ಟಿಗೆ ಹೋಗುತ್ತದೆ, ಏನಾಗಿದೆ ಎಂದು ನೋಡೋಕೆ ಪರದೆಯೇ ಇಲ್ಲ. ಎಚ್‌ಎ ಕೆಲಸ ಮಾಡೋಕೆ ವಿಸೆಂಟರ್ ನಡೆಯುತ್ತಿರಲೇಬೇಕು ಅಂತೇನಿಲ್ಲ, ಹೋಸ್ಟ್‌ಗಳೇ ತಮ್ಮತಮ್ಮಲ್ಲಿ ನೋಡಿಕೊಳ್ಳುತ್ತವೆ, ಅದು ಒಳ್ಳೆಯ ವಿನ್ಯಾಸ. ಆದರೆ ಮನುಷ್ಯರಿಗೆ ಕಣ್ಣು ಬೇಕಲ್ಲ. ಮಾನಿಟರಿಂಗ್‌ನ ಒಂದು ಚಿಕ್ಕ ಪ್ರತಿಯಾದರೂ ಬೇರೆ ಹಾರ್ಡ್‌ವೇರ್, ಬೇರೆ ಸ್ಟೋರೇಜ್ ಮೇಲೆ, ಒಂದು ಲೋಕಲ್ ಪಾಸ್‌ವರ್ಡ್ ಸಮೇತ ಇರಬೇಕು.

ಅಧಿಕಾರದ ಬಗ್ಗೆ ಎರಡು ಮಾತು. ನಿಲ್ಲಿಸುವ, ಎಬ್ಬಿಸುವ ಬಟನ್ ಇರುವ ಪರದೆ ಕಳ್ಳರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐ ಆರ್ಗ್ಸ್ ರ‍್ಯಾನ್ಸಮ್‌ವೇರ್ ಸಾವಿರಾರು ಹೈಪರ್‌ವೈಸರ್ ಸರ್ವರ್‌ಗಳಿಗೆ ನುಗ್ಗಿದ್ದು, ಎರಡು ವರ್ಷದ ಹಿಂದೆಯೇ ಪ್ಯಾಚ್ ಬಂದಿದ್ದ ಒಂದು ದೋಷದ ಮೂಲಕ ಎಂದೇ ಆಗ ತಜ್ಞರು ಎಚ್ಚರಿಸಿದ್ದರು. ಡಿಬಿಎಗೆ ತನ್ನ ಡೇಟಾಬೇಸ್ ಗುಂಪು ಕಾಣಬೇಕು, ಅದನ್ನು ಮೇಂಟೆನೆನ್ಸ್‌ಗೆ ಹಾಕುವ ಹಕ್ಕು ಇರಬೇಕು, ಅಷ್ಟೇ. ಅದಕ್ಕಾಗಿ ವಿಸೆಂಟರ್ ಅಡ್ಮಿನ್ ಪಾಸ್‌ವರ್ಡ್ ಹಂಚುವುದು ಬೇಡ. ಯಾರು ಯಾವಾಗ ಯಾವ ಬಟನ್ ಒತ್ತಿದರು ಅನ್ನುವ ದಾಖಲೆ ಬೇರೆ ಕಡೆ ಉಳಿಯಬೇಕು.

ಈಗ ಮೊದಲ ಪ್ರಶ್ನೆಗೆ ಬರೋಣ, ಪ್ಲಾಟ್‌ಫಾರ್ಮ್ ಬದಲಿಸುವಾಗ ಏನಾಗುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲೂ ಎಚ್‌ಎ ಇದೆ, ಹೋಸ್ಟ್ ಬಿದ್ದರೆ ವಿಎಂ ಇನ್ನೊಂದು ನೋಡ್‌ನಲ್ಲಿ ಏಳುತ್ತದೆ. ಆದರೆ ವಿಎಂ ಒಳಗಿನ ಡೇಟಾಬೇಸ್ ಉಸಿರಾಡುತ್ತಿದೆಯಾ ಎಂದು ಅದು ನೋಡುವುದಿಲ್ಲ. ಹೈಪರ್-ವಿ ಕ್ಲಸ್ಟರ್‌ನಲ್ಲಿ ವಿಂಡೋಸ್ ಸರ್ವರ್ 2012ರಿಂದಲೇ ಒಳಗಿನ ಸರ್ವಿಸ್‌ಗಳ ಮೇಲೆ ಕಣ್ಣಿಡುವ ಸೌಲಭ್ಯ ಇದೆ, ಅದನ್ನೂ ನಾವೇ ಹೊಂದಿಸಬೇಕು. ವಿಎಂ ಬದಲು ಕಂಟೇನರ್‌ಗಳಲ್ಲಿ (ಅಪ್ಲಿಕೇಶನ್‌ನ ಹಗುರ ಪೊಟ್ಟಣಗಳಲ್ಲಿ) ಕೆಲಸ ನಡೆಸುವ ಕುಬರ್ನೆಟಿಸ್‌ಗೆ ಹೋಗುವವರಿಗೆ ಲೈವ್‌ನೆಸ್, ರೆಡಿನೆಸ್ ಎಂಬ ಎರಡು ತಪಾಸಣೆಗಳು ಸಿಗುತ್ತವೆ, ಮೊದಲನೆಯದು ಸೋತರೆ ಕಂಟೇನರ್ ರೀಸ್ಟಾರ್ಟ್, ಎರಡನೆಯದು ಸೋತರೆ ಅದಕ್ಕೆ ಟ್ರಾಫಿಕ್ ಬಂದ್. ಒಳ್ಳೆಯ ವಿಭಜನೆ. ಆದರೆ ಡೇಟಾಬೇಸ್ ಸಿಗುತ್ತಿದೆಯಾ ಎಂಬ ತಪಾಸಣೆಯನ್ನು ಲೈವ್‌ನೆಸ್‌ಗೆ ಹಾಕಿದರೆ, ಡೇಟಾಬೇಸ್ ಒಂದು ನಿಮಿಷ ತಡವರಿಸಿದಾಗ ಎಲ್ಲಾ ಕಂಟೇನರ್‌ಗಳೂ ಒಟ್ಟಿಗೆ ರೀಸ್ಟಾರ್ಟ್ ಆಗಿ, ಎದ್ದು, ಒಟ್ಟಿಗೇ ಡೇಟಾಬೇಸ್ ಮೇಲೆ ಮುಗಿಬೀಳುತ್ತವೆ.

ವಲಸೆ ಶುರು ಮಾಡುವ ಮೊದಲೇ ಒಂದು ಪಟ್ಟಿ ಮಾಡಿಕೊಳ್ಳಿ. ವಿಸೆಂಟರ್‌ನಲ್ಲಿ ವಿಎಂ ಮಾನಿಟರಿಂಗ್ ಯಾವ ಕ್ಲಸ್ಟರ್‌ಗೆ ಆನ್ ಇದೆ, ಯಾವ ವಿಎಂಗಳನ್ನು ಬೇರೆ ಬೇರೆ ಇಡಬೇಕು ಎಂಬ ನಿಯಮ ಇದೆ, ಯಾವುದು ಮೊದಲು ಏಳಬೇಕು ಎಂಬ ಕ್ರಮ ಬರೆದಿದೆ, ಯಾವ ವಿಎಂ ಒಳಗೆ ಅಪ್ಲಿಕೇಶನ್ ನೋಡಿಕೊಳ್ಳುವ ಏಜೆಂಟ್ ಕೂತಿದೆ. ಇವೆಲ್ಲ ವಿಎಂ ಫೈಲ್ ಜೊತೆ ಬರುವುದಿಲ್ಲ. ಡಿಸ್ಕ್ ಬರುತ್ತದೆ, ಮೆಮೊರಿ ಎಷ್ಟು ಅನ್ನುವುದು ಬರುತ್ತದೆ, ಈ ತಿಳಿವಳಿಕೆ ಹಳೆಯ ವಿಸೆಂಟರ್‌ನಲ್ಲೇ ಉಳಿದು ಅದರ ಜೊತೆ ಆಫ್ ಆಗುತ್ತದೆ.

ಹೊಸ ಕಡೆ ಎಲ್ಲಾ ಎದ್ದ ಮೇಲೆ ಪರೀಕ್ಷೆ ಮಾಡಿ. ಹೋಸ್ಟ್ ವೈರ್ ಕಿತ್ತು ನೋಡುವುದು ಎಲ್ಲರೂ ಮಾಡುತ್ತಾರೆ, ಅದು ಸುಲಭದ ಪರೀಕ್ಷೆ. ಡೇಟಾಬೇಸ್ ಪ್ರೊಸೆಸ್ ಮಾತ್ರ ಕೊಂದು ನೋಡಿ. ಲಾಗ್ ಡಿಸ್ಕ್ ಬೇಕಂತಲೇ ತುಂಬಿಸಿ ನೋಡಿ. ಪ್ರೊಸೆಸ್ ಅನ್ನು ಸಾಯಿಸದೆ ಬರೀ ಹೆಪ್ಪುಗಟ್ಟಿಸಿ ನೋಡಿ, ಲಿನಕ್ಸ್‌ನಲ್ಲಿ ಸಿಗ್‌ಸ್ಟಾಪ್ ಕಳಿಸಿದರೆ ಸಾಕು. ಪ್ರತಿ ಸಲವೂ ಪರದೆಯ ಬಣ್ಣ ಎಷ್ಟು ಸೆಕೆಂಡ್‌ಗೆ ಬದಲಾಯಿತು, ಯಾರ ಫೋನ್‌ಗೆ ಅಲರ್ಟ್ ಬಂತು, ತಾನಾಗಿ ಎದ್ದಿತೋ ಇಲ್ಲವೋ ಎಂದು ಬರೆದುಕೊಳ್ಳಿ. ಷೇರು ಮಾರುಕಟ್ಟೆಯವರು ಇಷ್ಟು ದೊಡ್ಡ ವ್ಯವಸ್ಥೆ ಇಟ್ಟುಕೊಂಡು 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ನಿಜವಾದ ವಹಿವಾಟನ್ನೇ ನಡೆಸಿ ಪರೀಕ್ಷೆ ಮಾಡಿದರು, ಮೊದಲ ಸೆಷನ್ ಮುಖ್ಯ ಸೈಟ್‌ನಿಂದ, ಎರಡನೆಯದು ಡಿಆರ್ ಸೈಟ್‌ನಿಂದ. ನಮ್ಮ ಹತ್ತಿಪ್ಪತ್ತು ವಿಎಂಗಳ ಅಪ್ಲಿಕೇಶನ್‌ಗೆ ಮೂರು ತಿಂಗಳಿಗೊಮ್ಮೆ ಒಂದು ಶನಿವಾರ ಬೆಳಿಗ್ಗೆ ಕೊಡುವುದು ಕಷ್ಟವೇನಲ್ಲ, ಬಳಸುವ ಕಚೇರಿಗೆ ಮೊದಲೇ ಹೇಳಿ, ಅವರ ಕಡೆಯಿಂದಲೂ ಒಬ್ಬರನ್ನು ಪರದೆ ಮುಂದೆ ಕೂರಿಸಿಕೊಂಡು.